ಜೂನಿಯರ್‌ಗಳ ಪರವಾಗಿ

ಇಂಗ್ಲೆಂಡಿನ ಬೀಟಲ್ಸ್ ತಂಡದವರು ಭಾರತಕ್ಕೆ ಬಂದಿದ್ದರು. 1968ರಲ್ಲಿ ಋಷಿಕೇಶದ ಆಶ್ರಮದಲ್ಲಿ ಕೂತು ಧ್ಯಾನ ಮಾಡಿದರು, ರಾಶಿ ಹಾಡು ಬರೆದರು, ವಾಪಸ್ ಹೋದರು. ಮಡಿಕೇರಿಗೆ ಬರಲಿಲ್ಲ. ಇನ್ನೊಂದು ರಾಕ್ ತಂಡ ರೋಲಿಂಗ್ ಸ್ಟೋನ್ಸ್‌ನವರು 2003ರಲ್ಲಿ ಬೆಂಗಳೂರಿನ ತನಕ ಬಂದರು. 2007ರಲ್ಲಿ ಐರನ್ ಮೇಡನ್‌ನವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದರು. ಇವರ್ಯಾರೂ ಕುಶಾಲನಗರ ದಾಟಲಿಲ್ಲ. ದಾಟುವುದಾದರೂ ಹೇಗೆ? ನಮ್ಮ ಕೊಡಗು ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಲಾರಿಗಟ್ಟಲೆ ಸ್ಪೀಕರ್ ತುಂಬಿಕೊಂಡು ಆನೆಕಾಡಿನ ತಿರುವುಗಳನ್ನು ಹತ್ತಿ ಬಂದರೂ ಅಷ್ಟು ಜನರನ್ನು ಕೂರಿಸುವ ಜಾಗ ಇಲ್ಲಿಲ್ಲ.

ಪರದೇಶದವರು ಹೋಗಲಿ, ನಮ್ಮವರೇ ಎಷ್ಟು ಸಲ ಬಂದಾರು? ಹಾಗಾಗಿ ನಮಗೆ ಸಿಕ್ಕವರೆಲ್ಲ ಜೂನಿಯರ್‌ಗಳೇ. ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್, ಜೂನಿಯರ್ ಶಂಕರ್‌ನಾಗ್. 2020ರ ಸೆಪ್ಟೆಂಬರ್‌ನಲ್ಲಿ ಎಸ್‌ಪಿಬಿ ಹೋದ ಮೇಲೆ ಅವರ ನೆನಪಿನ ಸಂಜೆಗಳೂ ಶುರುವಾದವು. ದಸರಾ ಬಂದರೆ ಮಡಿಕೇರಿಯ ಗಾಂಧಿ ಮೈದಾನ, ಗೋಣಿಕೊಪ್ಪದ ವೇದಿಕೆ, ಗಣೇಶನ ಹಬ್ಬಕ್ಕೆ ಊರೂರಿನ ಪೆಂಡಾಲು. ಎಲ್ಲ ಕಡೆ ಇನ್ನೊಬ್ಬರ ಹಾಡನ್ನು ಇನ್ನೊಬ್ಬರ ಹಾಗೆ ಹಾಡುವವರು. ಬೆಂಗಳೂರಿನಲ್ಲಿರುವ ನನ್ನ ಕೆಲವು ಸ್ನೇಹಿತರಿಗೆ ಇದು ತಮಾಷೆ. "ಆರ್ಕೆಸ್ಟ್ರಾ ನೋಡೋಕೆ ಹೋಗ್ತೀಯಾ ಇನ್ನೂ?" ಅನ್ನುತ್ತಾರೆ. ಅದೇ ಸ್ನೇಹಿತರು ಪಬ್ಬಿಗೆ ಹೋಗಿ, ಪಿಂಕ್ ಫ್ಲಾಯ್ಡ್ ಹಾಡುಗಳನ್ನು ಬೇರೆ ಯಾರೋ ನುಡಿಸುವುದನ್ನು ದುಡ್ಡು ಕೊಟ್ಟು ಕೇಳುತ್ತಾರೆ. ಅದಕ್ಕೆ ಟ್ರಿಬ್ಯೂಟ್ ನೈಟ್ ಅಂತ ಹೆಸರು. ನಮ್ಮೂರಿನದಕ್ಕೆ ರಸಮಂಜರಿ. ವ್ಯತ್ಯಾಸ ಟಿಕೆಟ್ಟಿನಲ್ಲಿ ಮಾತ್ರ.

ನಾನು ಜೂನಿಯರ್‌ಗಳ ಪಕ್ಷ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಹೇಳಬೇಕು.

ಮೊದಲು ಅಸಲಿ ಯಾವುದು ಅಂತ ನೋಡೋಣ. ಗಾಂಧಿ ಮೈದಾನದಲ್ಲಿ ಒಬ್ಬರು ಪಂಚೆ ಉಟ್ಟು, ತಲೆಗೆ ವಿಗ್ ಹಾಕಿ, ರಾಜ್‌ಕುಮಾರ್ ಹಾಗೆ ಕೈ ಮುಗಿದು, ಅರವತ್ತರ ದಶಕದ ಒಂದು ಹಾಡು ಹಾಡುತ್ತಾರೆ ಅಂದುಕೊಳ್ಳಿ. ಅವರು ಯಾರನ್ನು ಅನುಕರಿಸುತ್ತಿದ್ದಾರೆ? ಮೈ ರಾಜ್‌ಕುಮಾರ್ ಅವರದು. ಗಂಟಲು ಪಿ.ಬಿ. ಶ್ರೀನಿವಾಸ್ ಅವರದು. ಆ ಕಾಲದಲ್ಲಿ ರಾಜ್‌ಗೆ ಬಹುಪಾಲು ಹಾಡಿದ್ದು ಪಿಬಿಎಸ್. ಅವರು ಹುಟ್ಟಿದ್ದು ಆಂಧ್ರದ ಕಾಕಿನಾಡದಲ್ಲಿ. 1974ರಿಂದ ರಾಜ್ ಹೆಚ್ಚಾಗಿ ತಾವೇ ಹಾಡಲು ಶುರು ಮಾಡಿದರು, ಮುಂದೆ 1992ರ ಸಾಲಿನ ರಾಷ್ಟ್ರಪ್ರಶಸ್ತಿಯನ್ನೂ ಗಾಯಕರಾಗಿ ಪಡೆದರು. ಆದರೆ ಅದಕ್ಕೂ ಹಿಂದಿನ ಹಾಡುಗಳಲ್ಲಿ ತುಟಿ ಒಬ್ಬರದು, ದನಿ ಒಬ್ಬರದು. ಹಾಡು ರೆಕಾರ್ಡ್ ಆಗಿದ್ದು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿ. ಮುಚ್ಚಿದ ಕೋಣೆ, ಎದುರಿಗೆ ಒಬ್ಬ ಪ್ರೇಕ್ಷಕನೂ ಇಲ್ಲ. ಆಮೇಲೆ ಯಾವುದೋ ಕಾಡಿನಲ್ಲಿ, ಗ್ರಾಮಫೋನಿನಿಂದ ಹೊರಡುವ ದನಿಗೆ ನಾಯಕ ತುಟಿ ಆಡಿಸಿದರು.

ಅಂದರೆ ಆ ಹಾಡನ್ನು ಒಬ್ಬ ಮನುಷ್ಯ, ಅದೇ ವೇಷದಲ್ಲಿ, ಅದೇ ಬಾಯಿಂದ, ಜನರ ಎದುರು ನಿಂತು ಹಾಡಿದ್ದು ಎಲ್ಲಿ? ನಮ್ಮ ಪೆಂಡಾಲಿನಲ್ಲಿ. ಬೆಳ್ಳಿತೆರೆಯಲ್ಲಿ ಎರಡಾಗಿ ಹಂಚಿಹೋಗಿದ್ದನ್ನು ಜೂನಿಯರ್ ಬಂದು ಒಂದು ಮಾಡಿದರು. ನಕಲು ಅಂತ ನಗುವವರಿಗೆ ನಾನು ಕೇಳುವುದು ಇಷ್ಟೇ. ಯಾವುದರ ನಕಲು, ತೋರಿಸಿ ನೋಡೋಣ.

ಇದು ನಮ್ಮ ಸಿನಿಮಾ ಹಾಡಿಗೆ ಮಾತ್ರ ಅನ್ವಯಿಸುತ್ತೆ ಅಂದುಕೊಂಡಿದ್ದೆ. ಬೀಟಲ್ಸ್ ಕಥೆ ಓದಿದ ಮೇಲೆ ಅಲ್ಲೂ ಹೀಗೇ ಅಂತ ಗೊತ್ತಾಯಿತು. ಅವರು 1966ರ ಆಗಸ್ಟ್ 29ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟು ಕೊನೆಯ ಕಾರ್ಯಕ್ರಮ ಕೊಟ್ಟರು. ಅಲ್ಲಿಂದ ಮುಂದೆ ಪ್ರವಾಸವೇ ಇಲ್ಲ. ಹುಡುಗಿಯರ ಕಿರುಚಾಟದಲ್ಲಿ ಅವರ ಹಾಡು ಅವರಿಗೇ ಕೇಳಿಸುತ್ತಿರಲಿಲ್ಲವಂತೆ. ಆದರೆ ಅವರ ಅತಿ ದೊಡ್ಡ ಕೆಲಸ ಬಂದಿದ್ದು ಆಮೇಲೆ. ಪಿಟೀಲು, ತುತ್ತೂರಿ, ಸಿತಾರ್, ಹಿಂದುಮುಂದಾಗಿ ಓಡಿಸಿದ ಟೇಪು, ಎಲ್ಲ ಸ್ಟುಡಿಯೋದಲ್ಲಿ ಕೂತು ಕಟ್ಟಿದ್ದು. 1967ರ ಹಾಡುಗಳನ್ನು ನಾಲ್ವರೂ ಸೇರಿ ವೇದಿಕೆ ಮೇಲೆ ಹಾಡಲೇ ಇಲ್ಲ. 1969ರಲ್ಲಿ ಲಂಡನ್ನಿನ ಒಂದು ಕಟ್ಟಡದ ತಾರಸಿ ಹತ್ತಿ ಒಂದಿಷ್ಟು ಹೊಸ ಹಾಡು ನುಡಿಸಿದರು, ಅಷ್ಟೇ.

1980ರಲ್ಲಿ ಇಂಗ್ಲೆಂಡಿನಲ್ಲಿ ಬೂಟ್‌ಲೆಗ್ ಬೀಟಲ್ಸ್ ಅಂತ ಒಂದು ತಂಡ ಹುಟ್ಟಿತು. ಬೀಟಲ್ಸ್ ಕುರಿತ ರಂಗಪ್ರದರ್ಶನವೊಂದರಲ್ಲಿ ಪಾತ್ರ ಮಾಡುತ್ತಿದ್ದವರು ಸೇರಿ ಕಟ್ಟಿದ್ದು. ಪಿಟೀಲು, ತುತ್ತೂರಿಯವರನ್ನೂ ಜೊತೆಗೆ ಕರೆದುಕೊಂಡು ಇವರು ಆ ಸ್ಟುಡಿಯೋ ಹಾಡುಗಳನ್ನು ವೇದಿಕೆಗೆ ತಂದರು. ಮೂಲದವರು ಜನರ ಎದುರು ಯಾವತ್ತೂ ನುಡಿಸದ ಹಾಡನ್ನು ಜನ ಎದುರಿಗೆ ಕೂತು ಕೇಳಿದ್ದು ಇಂಥವರ ಬಾಯಲ್ಲಿ. ಗಾಂಧಿ ಮೈದಾನದ ಜೂನಿಯರ್‌ಗೂ ಇವರಿಗೂ ನನಗೆ ಭೇದ ಕಾಣುವುದಿಲ್ಲ. ಇವರ ವಿಗ್ ಸ್ವಲ್ಪ ಚೆನ್ನಾಗಿರುತ್ತೆ.

ಮೂಲದವರಿಗೆ ಸಿಟ್ಟು ಬರುತ್ತಾ? ಕೆಲವರಿಗೆ ಬರುತ್ತೆ, ಕೋರ್ಟಿಗೂ ಹೋಗಿದ್ದಾರೆ. ಆದರೆ ಆಸ್ಟ್ರೇಲಿಯನ್ ಪಿಂಕ್ ಫ್ಲಾಯ್ಡ್ ತಂಡದ ಕಥೆ ಬೇರೆ. 1988ರಲ್ಲಿ ಅಡಿಲೇಡ್‌ನಲ್ಲಿ ಶುರುವಾದ ತಂಡ ಅದು. 1996ರಲ್ಲಿ ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ 50ನೇ ಹುಟ್ಟುಹಬ್ಬಕ್ಕೆ ಇವರನ್ನೇ ಕರೆಸಿ ನುಡಿಸಿದರು. ಕೆನಡಾದ ಒಂದು ತಂಡ ಜೆನೆಸಿಸ್ ಬ್ಯಾಂಡಿನ ಎಪ್ಪತ್ತರ ದಶಕದ ಪ್ರದರ್ಶನಗಳನ್ನು ದೀಪ, ವೇಷ, ಪರದೆ ಸಮೇತ ಮತ್ತೆ ಕಟ್ಟುತ್ತದೆ. ಆ ಬ್ಯಾಂಡನ್ನು 1975ರಲ್ಲಿ ಬಿಟ್ಟ ಪೀಟರ್ ಗೇಬ್ರಿಯಲ್ ತಮ್ಮ ಮಕ್ಕಳನ್ನು ಇವರ ಕಾರ್ಯಕ್ರಮಕ್ಕೆ ಕರೆದುಕೊಂಡು ಹೋಗಿದ್ದರಂತೆ, ಅಪ್ಪ ಹಿಂದೆ ಏನು ಮಾಡ್ತಿದ್ದ ಅಂತ ತೋರಿಸಲು. ತನ್ನ ಯೌವನವನ್ನು ಸಭೆಯಲ್ಲಿ ಕೂತು ನೋಡುವುದು ಹೇಗಿರಬಹುದು ಅಂತ ಯೋಚಿಸಿದರೆ ನನಗೆ ಸ್ವಲ್ಪ ಹೆದರಿಕೆಯೇ ಆಗುತ್ತೆ.

ನಮ್ಮ ಪಕ್ಕದ ತೋಟದಲ್ಲಿ ಒಬ್ಬರು ಮಾಮ ಇದ್ದಾರೆ. ಸೈನ್ಯದಿಂದ ನಿವೃತ್ತರಾದವರು, ವಯಸ್ಸು 80ರ ಹತ್ತಿರ. ಕೊಡಗಿನ ಇಂಥ ಎಷ್ಟೋ ಮನೆಗಳಲ್ಲಿ ಒಂದು ಜಿಮ್ ರೀವ್ಸ್ ರೆಕಾರ್ಡ್ ಇದ್ದೇ ಇರುತ್ತಿತ್ತು. ಟೆಕ್ಸಾಸ್‌ನ ಗಾಯಕನೊಬ್ಬ ನಮ್ಮ ತೋಟದ ಮನೆಗಳ ಬೆತ್ತದ ಕುರ್ಚಿ ತನಕ ಬಂದಿದ್ದು ಸೈನ್ಯದ ಮೆಸ್‌ಗಳ ದಾರಿಯಲ್ಲಿ. ರೀವ್ಸ್ 1964ರ ಜುಲೈ 31ರಂದು ವಿಮಾನ ಅಪಘಾತದಲ್ಲಿ ತೀರಿಹೋದರು. (ಮೊಹಮ್ಮದ್ ರಫಿ ಹೋಗಿದ್ದೂ ಜುಲೈ 31ರಂದೇ, 1980ರಲ್ಲಿ. ಆ ದಿನ ರೇಡಿಯೋ ಹಾಕಲು ನನಗೆ ಒಂಥರಾ ಅಳುಕು.) ಮಾಮನಿಗೆ ರೀವ್ಸ್ ಪರಿಚಯವಾದಾಗ ರೀವ್ಸ್ ಬದುಕಿರಲೇ ಇಲ್ಲ.

ಹಿಂದೊಮ್ಮೆ ಪ್ಲಾಂಟರ್‌ಗಳ ಕ್ಲಬ್ಬೊಂದರಲ್ಲಿ ಹಳೆಯ ಇಂಗ್ಲಿಷ್ ಹಾಡುಗಳ ರಾತ್ರಿ ಇತ್ತು. ಬೆಂಗಳೂರಿನಿಂದ ಒಂದು ತಂಡ ಬಂದಿತ್ತು. ಮರುದಿನ ಮಾಮನನ್ನು ಕೇಳಿದೆ.

"ಹೇಗಿತ್ತು ಮಾಮ?"

"ಜಿಮ್ ರೀವ್ಸ್‌ಗೆ ಗಡ್ಡ ಎಲ್ಲಿತ್ತು? ಇವನಿಗೆ ಇಷ್ಟುದ್ದ ಗಡ್ಡ."

"ಹಾಡಿದ್ದು?"

"ಮೊದಲ ಎರಡು ಹಾಡು ಸುಮಾರು. ಆಮೇಲೆ ನಾನು ಕಣ್ಣು ಮುಚ್ಚಿಕೊಂಡೆ. ಚೆನ್ನಾಗಿತ್ತಪ್ಪ."

ಅವರು ಕಣ್ಣು ಮುಚ್ಚಿದ್ದರಲ್ಲಿ ಅರ್ಥ ಇದೆ. ಅವರಿಗೆ ರೀವ್ಸ್ ಗೊತ್ತಿದ್ದದ್ದೇ ದನಿಯಾಗಿ. ಮುಖ ನೋಡಿದ್ದು ರೆಕಾರ್ಡಿನ ಹೊದಿಕೆ ಮೇಲೆ ಮಾತ್ರ. ಆದರೆ ಅವರು ಮುಂದೆ ಹೇಳಿದ್ದು ನನಗೆ ಜಾಸ್ತಿ ಹಿಡಿಸಿತು. "ನಿಮ್ಮ ಮಾಮಿ ಎದ್ದು ಕುಣಿದಳು ಗೊತ್ತಾ? ಇಷ್ಟು ವರ್ಷ ಮನೇಲಿ ಆ ರೆಕಾರ್ಡ್ ಹಾಕಿದ್ದೀನಿ, ಒಂದು ದಿನ ಎದ್ದಿಲ್ಲ ಅವಳು."

ರೆಕಾರ್ಡಿನಲ್ಲಿ ಅಸಲಿ ಜಿಮ್ ರೀವ್ಸ್ ಇದ್ದಾರೆ. ಮಾಮಿ ಏಳಲಿಲ್ಲ. ಗಡ್ಡದವನು ಹಾಡಿದ, ಮಾಮಿ ಎದ್ದರು. ಎದುರಿಗೆ ಒಬ್ಬ ಮನುಷ್ಯ ಬೆವರು ಸುರಿಸಿಕೊಂಡು ಹಾಡುವಾಗ ಸುಮ್ನೆ ಕೂರುವುದು ಕಷ್ಟ. ಅಕ್ಕಪಕ್ಕದವರೂ ಎದ್ದಿರುತ್ತಾರೆ. ನಿಜವಾದ ತಾರೆ ಬಂದಾಗ ನಾವು ಅವರನ್ನು ನೋಡುತ್ತಾ ನಿಂತುಬಿಡುತ್ತೇವೆ. ಫೋನ್ ಎತ್ತಿ ಹಿಡಿಯುತ್ತೇವೆ. ಅವರೇ ಕಾರ್ಯಕ್ರಮ. ಜೂನಿಯರ್ ಬಂದಾಗ ನೋಡಲು ಅಂಥದ್ದೇನೂ ಇಲ್ಲ. ಆಗ ಹಾಡು ನಮ್ಮದಾಗುತ್ತೆ. ಗಾಂಧಿ ಮೈದಾನದಲ್ಲಿ ಜಾಕೆಟ್ ಹಾಕಿಕೊಂಡು ಮಂಜಿನಲ್ಲಿ ನಿಂತ ಜನ, ಚರಣ ಬಂದ ಕೂಡಲೇ ಗಾಯಕರಿಗಿಂತ ಒಂದು ಮಾತ್ರೆ ಮುಂದೆ ಓಡುವುದನ್ನು ಕೇಳಿದವರಿಗೆ ಇದು ಗೊತ್ತಿರುತ್ತೆ.

ಈಗ ಆ ಬೆವರಿನ ವಿಷಯ. ಸೋಮವಾರಪೇಟೆ ಕಡೆಯ ಒಬ್ಬ ಕೀಬೋರ್ಡ್ ಕಲಾವಿದರು ನನಗೆ ಪರಿಚಯ. ಹಗಲು ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಸೀಸನ್ನಿನಲ್ಲಿ ರಾತ್ರಿ ಆರ್ಕೆಸ್ಟ್ರಾ. ಅವರ ಸೀಸನ್ನೂ ಕಾಫಿಯವರ ಸೀಸನ್ನೂ ಹೆಚ್ಚುಕಮ್ಮಿ ಒಂದೇ. ಜೂನ್‌ನಿಂದ ಆಗಸ್ಟ್ ತನಕ ಮಳೆಗೆ ಯಾರೂ ಪೆಂಡಾಲು ಹಾಕುವುದಿಲ್ಲ. ಗಣೇಶನಿಂದ ಶುರುವಾದರೆ ದಸರಾ, ರಾಜ್ಯೋತ್ಸವ, ಆಮೇಲೆ ಹಣ್ಣು ಕೊಯ್ಯುವ ಕಾಲಕ್ಕೆ ಮದುವೆಗಳು. ಮಳೆಗಾಲವೆಲ್ಲ ಅವರು ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಾಡು ಬಿಡಿಸುತ್ತಾರೆ.

ಹಾಡು ಬಿಡಿಸುವುದು ಅಂದರೆ ಏನು ಅಂತ ಅವರ ಪಕ್ಕ ಕೂತು ನೋಡಿದ್ದೇನೆ. ಎಂಬತ್ತರ ದಶಕದ ಒಂದು ಹಾಡು. ಪಲ್ಲವಿ ಮುಗಿದು ಚರಣ ಬರುವ ನಡುವೆ ಒಂದು ದೊಡ್ಡ ಬಿಟ್, ಅಂದರೆ ಬರೀ ವಾದ್ಯಗಳ ತುಣುಕು. ಅದರಲ್ಲಿ ಪಿಟೀಲುಗಳ ದಂಡೇ ಇದೆ, ಮೇಲೆ ಕೊಳಲು, ಕೆಳಗೆ ಬೇಸ್ ಗಿಟಾರ್, ಪಕ್ಕದಲ್ಲಿ ಎಲ್ಲೋ ಒಂದು ವೀಣೆ. ಇವರಿಗೆ ಇರುವುದು ಎರಡು ಕೈ. "ಸಾರ್, ಜನ ಬಾಯಲ್ಲಿ ಗುನುಗೋ ಬಿಟ್ ಯಾವುದು ಅಂತ ಮೊದಲು ಹುಡುಕಬೇಕು" ಅಂದರು. "ಅದು ತಪ್ಪಿದರೆ ಮುಗೀತು, ಕುರ್ಚಿ ಹಾರುತ್ತೆ. ಉಳಿದದ್ದರಲ್ಲಿ ಅರ್ಧ ಬಿಟ್ಟರೂ ಯಾರಿಗೂ ಗೊತ್ತಾಗಲ್ಲ. ಯಾಕಂದ್ರೆ ಆ ಅರ್ಧ ಅವರೇ ತಲೆಯೊಳಗೆ ನುಡಿಸಿಕೊಳ್ತಾರೆ."

ಇದು ಸಣ್ಣ ಮಾತಲ್ಲ. ಒಂದು ಹಾಡಿನಲ್ಲಿ ಯಾವುದು ಇರಲೇಬೇಕು, ಯಾವುದು ಬಿಡಬಹುದು ಅಂತ ತೂಗುವ ಕೆಲಸ ಅದು. ಹಾಡಿನ ಒಳಗನ್ನು ಬಲ್ಲವರಿಗೆ ಮಾತ್ರ ಆಗುತ್ತೆ. ಹಳೆಯ ಕ್ಯಾಸೆಟ್ಟಿನಿಂದ ಕಲಿಯುವಾಗ ಇನ್ನೊಂದು ತೊಂದರೆ. ಟೇಪು ಓಡಿದ ವೇಗದಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಶ್ರುತಿ ಎರಡು ಕೀಗಳ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡಿರುತ್ತೆ. ಕೀಬೋರ್ಡಿನ ಶ್ರುತಿಯನ್ನು ಒಂದಿಷ್ಟೇ ಇಷ್ಟು ಮೇಲೆ ಕೆಳಗೆ ಮಾಡಿ ಅದಕ್ಕೆ ಕೂಡಿಸಿ, ಕಲಿತು, ಆಮೇಲೆ ಹಾಡುವವರ ಗಂಟಲಿಗೆ ತಕ್ಕಂತೆ ಮತ್ತೆ ಬದಲಿಸಬೇಕು. ಎಸ್. ಜಾನಕಿಯವರು ಸ್ಟುಡಿಯೋದಲ್ಲಿ ಮುಟ್ಟಿದ ಮೇಲಿನ ಸ್ವರವನ್ನು ಮಡಿಕೇರಿಯ ಚಳಿಯಲ್ಲಿ, ರಾತ್ರಿ 11ಕ್ಕೆ, ಅದಾಗಲೇ ಎಂಟು ಹತ್ತು ಹಾಡು ಹಾಡಿದ ಹುಡುಗಿ ಹೇಗೆ ಮುಟ್ಟಬೇಕು? ಶ್ರುತಿ ಇಳಿಸುತ್ತಾರೆ. ಇಳಿಸಿದರೆ ಕೊಳಲಿನ ಬಿಟ್ ಮಂಕಾಗುತ್ತೆ. ಆ ಬಿಟ್ಟನ್ನು ಮಾತ್ರ ಒಂದು ಸ್ಥಾಯಿ ಎತ್ತುತ್ತಾರೆ. ಇಂಥ ಚಿಲ್ಲರೆ ಉಪಾಯಗಳು ಒಂದೊಂದು ಹಾಡಿನಲ್ಲೂ ಇರುತ್ತವೆ. ಕೇಳುವವರಿಗೆ ಗೊತ್ತಾಗಬಾರದು, ಅದೇ ಗೆಲುವು.

ತಬಲಾದವರ ಪಾಡು ಇನ್ನೂ ಕಷ್ಟ. ಇಲ್ಲಿನ ತೇವಕ್ಕೆ ಚರ್ಮ ಸಡಿಲವಾಗಿ ಶ್ರುತಿ ಕುಸಿಯುತ್ತಲೇ ಇರುತ್ತೆ. ಹಾಡಿನ ನಡುವೆ ಸುತ್ತಿಗೆ ಹಿಡಿದು ಕೂರಲಾಗುತ್ತಾ? ಅದಕ್ಕೇ ನಮ್ಮ ಕಡೆಯವರು ಬೇಗನೆ ಎಲೆಕ್ಟ್ರಾನಿಕ್ ರಿದಮ್ ಪ್ಯಾಡಿಗೆ ಹೋದರು. ನನಗೆ ಪ್ಯಾಡಿನ ದನಿ ಇಷ್ಟವಿಲ್ಲ. ಆದರೆ ಗಾಂಧಿ ಮೈದಾನದ ಮಂಜನ್ನು ನಾನು ಬಲ್ಲೆ, ದೂರುವುದಿಲ್ಲ.

ದೂರುವುದು ಟ್ರ್ಯಾಕ್ ಹಾಕಿ ಹಾಡುವವರ ಮೇಲೆ. ಮೊಬೈಲಿಂದ ಸಂಗೀತ, ಮೇಲೆ ಒಬ್ಬರ ದನಿ. ಸಮಿತಿಯವರಿಗೆ ಖರ್ಚು ಕಡಿಮೆ, ನಿಜ. ಕೆಲವರು ದನಿಯನ್ನೂ ಟ್ರ್ಯಾಕಿನಿಂದಲೇ ಬಿಟ್ಟು ಬರೀ ಮೈಕ್ ಹಿಡಿದು ಕುಣಿಯುತ್ತಾರೆ. ಅದು ಮೋಸ. ಪೋಸ್ಟರಿನಲ್ಲಿ ಅಸಲಿ ನಾಯಕನ ಫೋಟೋ ದೊಡ್ಡದಾಗಿ ಹಾಕಿ, 'ಜೂನಿಯರ್' ಅನ್ನುವುದನ್ನು ಇರುವೆ ಗಾತ್ರದಲ್ಲಿ ಬರೆಯುವುದೂ ಮೋಸವೇ. ಒಳ್ಳೆಯ ಜೂನಿಯರ್ ಯಾವತ್ತೂ ನಾನೇ ಅವನು ಅನ್ನುವುದಿಲ್ಲ. ಮೊದಲ ಹಾಡು ಮುಗಿದ ಕೂಡಲೇ ವಿಗ್ ಸರಿಮಾಡಿಕೊಂಡು ತಾನು ಯಾವ ಊರಿನವನು ಅಂತ ಹೇಳಿಬಿಡುತ್ತಾನೆ.

ಹೋಲಿಕೆ ಎಷ್ಟು ಇರಬೇಕು ಅನ್ನುವುದು ಜಾಣರ ಪ್ರಶ್ನೆ. ಅಮೆರಿಕದಲ್ಲಿ ಎಲ್ವಿಸ್ ಪ್ರೆಸ್ಲಿ ವೇಷದವರಿಗೆ 2007ರಿಂದ ಎಲ್ವಿಸ್ ಹೆಸರಿನ ಕಂಪನಿಯೇ ಸ್ಪರ್ಧೆ ನಡೆಸುತ್ತಿದೆ. ಕಾಲರ್, ಕೃದಾ, ಸೊಂಟದ ತಿರುವು ಎಲ್ಲ ಅಚ್ಚುಕಟ್ಟು. ನ್ಯೂಯಾರ್ಕಿನ ಫ್ಯಾಬ್ ಫೋ ಅನ್ನುವ ತಂಡ ಮಾತ್ರ ಬೀಟಲ್ಸ್ ವೇಷ ಹಾಕುವುದೇ ಇಲ್ಲ, ಹಾಡಿನ ಒಂದೊಂದು ಸ್ವರಕ್ಕೆ ಮಾತ್ರ ನಿಷ್ಠೆ. ಲಾಸ್ ಏಂಜಲೀಸ್‌ನ ಐರನ್ ಮೇಡನ್ಸ್ ತಂಡದಲ್ಲಿ ಎಲ್ಲರೂ ಹೆಂಗಸರು. ಐರನ್ ಮೇಡನ್‌ನ ಗಂಡಸರ ಹಾಡನ್ನು ಅಷ್ಟೇ ಗಟ್ಟಿಯಾಗಿ ಹಾಡುತ್ತಾರೆ, ಹೋಲಿಕೆಯ ಮಾತೇ ಬರುವುದಿಲ್ಲ. ಡಾರ್ಕ್ ಸ್ಟಾರ್ ಆರ್ಕೆಸ್ಟ್ರಾ ಅನ್ನುವವರದು ಇನ್ನೊಂದು ಹುಚ್ಚು. ಗ್ರೇಟ್‌ಫುಲ್ ಡೆಡ್ ತಂಡ ಯಾವುದೋ ಒಂದು ಹಳೆಯ ದಿನ ಯಾವ ಕ್ರಮದಲ್ಲಿ ಹಾಡಿತ್ತೋ ಅದೇ ಕ್ರಮದಲ್ಲಿ ಹಾಡುತ್ತಾರೆ, ಕೊನೆಯಲ್ಲಿ ಆ ತಾರೀಕು ಹೇಳುತ್ತಾರೆ. ನನ್ನ ಮನಸ್ಸು ಫ್ಯಾಬ್ ಫೋ ಕಡೆಗೆ. ಆದರೆ ಹಬ್ಬದ ದಿನ ವಿಗ್ ಇಲ್ಲದಿದ್ದರೆ ಮಕ್ಕಳಿಗೆ ಬೇಜಾರು, ಅಲ್ವಾ?

ಪೂರ್ತಿ ಹೋಲಿಕೆ ಬೇಕು ಅಂದವರಿಗೆ ಈಗ ಲಂಡನ್ನಿನಲ್ಲಿ ವ್ಯವಸ್ಥೆ ಇದೆ. 2022ರ ಮೇ ತಿಂಗಳಿಂದ ಅಬ್ಬಾ ತಂಡದ ನಾಲ್ವರು ಡಿಜಿಟಲ್ ರೂಪದಲ್ಲಿ, ತಮ್ಮ ಯೌವನದ ವಯಸ್ಸಿನಲ್ಲಿ, ಅದಕ್ಕಾಗಿಯೇ ಕಟ್ಟಿದ ಸಭಾಂಗಣದಲ್ಲಿ ಹಾಡುತ್ತಾರೆ. ಮುಖ, ದನಿ, ನಡಿಗೆ ಎಲ್ಲ ಅವರದೇ. ಅಷ್ಟೆಲ್ಲ ಮಾಡಿದ ಮೇಲೂ ವೇದಿಕೆಯ ಮೇಲೆ ನಿಜವಾಗಿ ನುಡಿಸುವ 10 ಜನರ ಬ್ಯಾಂಡ್ ಇಟ್ಟಿದ್ದಾರೆ. ಬೆಳಕಿನ ಬೊಂಬೆಗಳನ್ನೇ ನಂಬಿ ಸಂಜೆ ಕಳೆಯಲು ಅವರಿಗೂ ಧೈರ್ಯ ಬರಲಿಲ್ಲ ಅಂತ ನನ್ನ ಗುಮಾನಿ. ನಮ್ಮಲ್ಲಿ ಕರೆಂಟ್ ಹೋದರೆ ಜನರೇಟರ್ ಹಿಡಿಯುವ ತನಕ ಗಾಯಕರು ಮೈಕಿಲ್ಲದೆ ಹಾಡುತ್ತಾರೆ, ಮುಂದಿನ ಸಾಲಿನವರು ಚಪ್ಪಾಳೆಯಲ್ಲಿ ತಾಳ ಹಾಕುತ್ತಾರೆ. ಬೊಂಬೆಗೆ ಕರೆಂಟ್ ಹೋದರೆ?

ಕೊಡಗಿನವರಿಗೆ ಇದೆಲ್ಲ ಹೊಸ ವಿಚಾರ ಆಗಬಾರದು. ನಮ್ಮ ದುಡಿ ಹಾಡು ನೋಡಿ. ನಾಲ್ಕು ಜನ ಕೈಯಲ್ಲಿ ದುಡಿ ಅನ್ನುವ ಪುಟ್ಟ ವಾದ್ಯ ಹಿಡಿದು ನಿಲ್ಲುತ್ತಾರೆ. ಇಬ್ಬರು ಒಂದು ಸಾಲು ಹಾಡುತ್ತಾರೆ, ಇನ್ನಿಬ್ಬರು ಅದನ್ನೇ ಮತ್ತೆ ಹಾಡುತ್ತಾರೆ. ಮದುವೆಯಾಗಲಿ ಸುಗ್ಗಿಯ ಹಬ್ಬ ಪುತ್ತರಿಯಾಗಲಿ, ಕ್ರಮ ಇದೇ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಕೂಡಿಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಅಚ್ಚು ಹಾಕಿಸಿದರು. ಅದಕ್ಕೂ ಮುಂಚೆ ಆ ಹಾಡುಗಳು ಉಳಿದಿದ್ದು ಬಾಯಿಂದ ಬಾಯಿಗೆ, ಅಂದರೆ ಒಬ್ಬರು ಹಾಡಿದಂತೆ ಇನ್ನೊಬ್ಬರು ಹಾಡಿದ್ದರಿಂದ. ಎರಡನೆಯ ಜೋಡಿ ಹಾಡುವುದನ್ನು ನಕಲು ಅಂತ ಯಾರಾದರೂ ಅಂದರೆ ಆ ಹಿರಿಯರು ಏನು ಹೇಳಿಯಾರು? ದುಡಿ ಕೆಳಗಿಟ್ಟು ದಿಟ್ಟಿಸಿ ನೋಡಿಯಾರು, ಅಷ್ಟೇ.

ವಿಜಯದಶಮಿ ರಾತ್ರಿ ಮಡಿಕೇರಿಯಲ್ಲಿ ಪುರಾಣದ ದೃಶ್ಯ ಹೊತ್ತು ಹೊರಡುವ ದಶಮಂಟಪಗಳಲ್ಲೂ ಕಥೆ ಹಳೆಯದೇ. ಅದೇ ಅಸುರ, ಅದೇ ದೇವಿ. ಈ ಸಲ ಯಾರು ಚೆನ್ನಾಗಿ ಮಾಡಿದರು ಅನ್ನುವುದಷ್ಟೇ ಬೆಳಗಿನ ತನಕ ಜಗಳ.

ಜೂನಿಯರ್ ಆಗಿ ಶುರು ಮಾಡಿದವರು ಜೂನಿಯರ್ ಆಗಿಯೇ ಉಳಿಯಬೇಕಾಗಿಯೂ ಇಲ್ಲ. 2006ರಲ್ಲಿ 'ಮುಂಗಾರು ಮಳೆ' ಬಂತಲ್ಲ, ನಮ್ಮ ಮಡಿಕೇರಿಗೆ ಬರುವ ಹುಡುಗನ ಕಥೆ. ಅದರ ಹಾಡು ಇಡೀ ಕರ್ನಾಟಕದ ಬಾಯಲ್ಲಿ ಕೂತಿತು, ಇಲ್ಲಿನ ಹೋಮ್‌ಸ್ಟೇಗಳಲ್ಲಿ ಇವತ್ತಿಗೂ ಅದೇ ಹಾಡು. ಹಾಡಿದ ಸೋನು ನಿಗಮ್ ನಾಲ್ಕು ವರ್ಷದ ಮಗುವಾಗಿದ್ದಾಗಲೇ ಅಪ್ಪನ ಜೊತೆ ವೇದಿಕೆ ಹತ್ತಿ ರಫಿ ಹಾಡು ಹಾಡಿದವರು. ಮುಂದೆ ಅವರ ಹೆಸರು ಮೊದಲು ಹರಡಿದ್ದೂ ರಫಿ ಹಾಡುಗಳನ್ನು ಮತ್ತೆ ಹಾಡಿದ ಕ್ಯಾಸೆಟ್ಟುಗಳಿಂದಲೇ. (ಅವರ ಮೇಲೆ ಕನ್ನಡಿಗರಿಗೆ ಆಮೇಲೆ ಬಂದ ಸಿಟ್ಟು ಬೇರೆ ವಿಷಯ, ಇಲ್ಲಿ ಬೇಡ.) ಕುಮಾರ್ ಸಾನು ಕಿಶೋರ್ ಕುಮಾರ್ ದಾರಿಯಲ್ಲಿ ಬಂದರು. ಎಸ್‌ಪಿಬಿ ಯುವಕರಾಗಿದ್ದಾಗ ಮದ್ರಾಸಿನಲ್ಲಿ ಒಂದು ಲಘುಸಂಗೀತ ತಂಡ ನಡೆಸುತ್ತಿದ್ದರು. ಬೇರೆಯವರ ಸಿನಿಮಾ ಹಾಡುಗಳೇ ಬಂಡವಾಳ. ಆ ತಂಡದಲ್ಲಿ ನುಡಿಸುತ್ತಿದ್ದ ಒಬ್ಬ ಹುಡುಗ ಇಳಯರಾಜ. ಬೀಟಲ್ಸ್ ಕೂಡ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಯಿಡೀ ಬೇರೆಯವರ ಹಾಡು ಬಾರಿಸಿ ಕೈ ಪಳಗಿಸಿಕೊಂಡವರು. 1963ರ ಅವರ ಮೊದಲ ಆಲ್ಬಂನ 14 ಹಾಡುಗಳಲ್ಲಿ 6 ಬೇರೆಯವರವು.

ಇನ್ನೂ ಸೋಜಿಗದ ದಾರಿ ಹಿಡಿದವರಿದ್ದಾರೆ. ಟಿಮ್ ಓವೆನ್ಸ್ ಅನ್ನುವವರು ಜೂಡಸ್ ಪ್ರೀಸ್ಟ್ ತಂಡದ ಹಾಡುಗಳನ್ನು ಹಾಡುವ ಜೂನಿಯರ್ ತಂಡದಲ್ಲಿದ್ದರು. 1996ರಲ್ಲಿ ಜೂಡಸ್ ಪ್ರೀಸ್ಟ್‌ನವರು ಅವರನ್ನೇ ತಮ್ಮ ಗಾಯಕನನ್ನಾಗಿ ಮಾಡಿಕೊಂಡರು. 2007ರಲ್ಲಿ ಜರ್ನಿ ತಂಡದವರು ಯೂಟ್ಯೂಬಿನಲ್ಲಿ ಮನಿಲಾದ ಅರ್ನೆಲ್ ಪಿನೆಡಾ ತಮ್ಮ ಹಾಡುಗಳನ್ನು ಹಾಡುವುದನ್ನು ನೋಡಿ ಅವರನ್ನು ಗಾಯಕನನ್ನಾಗಿ ಕರೆಸಿಕೊಂಡರು. ಕ್ವೀನ್ ತಂಡದ ಫ್ರೆಡ್ಡಿ ಮರ್ಕ್ಯುರಿ ಜೀವನದ ಬಗ್ಗೆ 2018ರಲ್ಲಿ ಸಿನಿಮಾ ಬಂದಾಗ ಕೆಲವು ಕಡೆ ಕೇಳಿಸಿದ್ದು ಮಾರ್ಕ್ ಮಾರ್ಟೆಲ್ ಅನ್ನುವ ಕೆನಡಾದವರ ದನಿ. ಕ್ವೀನ್‌ನವರೇ ಕಟ್ಟಿಸಿದ ಟ್ರಿಬ್ಯೂಟ್ ತಂಡದಲ್ಲಿ ಹಾಡುತ್ತಿದ್ದವರು ಅವರು. ನಟ ಒಬ್ಬ, ದನಿ ಇನ್ನೊಬ್ಬರದು. ಹಾಲಿವುಡ್‌ನವರು ಕೊನೆಗೂ ನಮ್ಮ ಪಿಬಿಎಸ್ ಕಾಲಕ್ಕೆ ಬಂದು ತಲುಪಿದರು.

ಇಷ್ಟು ಹೇಳಿದ ಮೇಲೆ ನನ್ನ ಅಣ್ಣನ ಮಗನ ಮಾತನ್ನೂ ಹೇಳಬೇಕು. ಅವನು ಬೆಂಗಳೂರಿನಲ್ಲಿ ಓದುತ್ತಿದ್ದಾನೆ. ಸ್ನೇಹಿತರ ಜೊತೆ ಸ್ವಂತ ಹಾಡು ಕಟ್ಟುತ್ತಾನೆ. ಊರಿನ ಹಬ್ಬದ ವೇದಿಕೆಯಲ್ಲಿ ಎರಡು ಹಾಡಿಗೆ ಅವಕಾಶ ಕೇಳಿದ್ದ. "ಜನರಿಗೆ ಗೊತ್ತಿರೋದು ಹಾಡು, ಸ್ವಂತದ್ದು ಬೇಡ" ಅಂದರಂತೆ. ಮನೆಗೆ ಬಂದು ನನ್ನ ಮೇಲೆ ಹಾರಾಡಿದ. "ಚಿಕ್ಕಪ್ಪ, ನೀವೆಲ್ಲ ಸತ್ತವರ ಹಾಡು ಕೇಳ್ತಾ ಕೂತಿದ್ದೀರ. ನಾವು ಬದುಕಿದ್ದೀವಿ. ನಮ್ಮದನ್ನ ಯಾವಾಗ ಕೇಳ್ತೀರ?"

ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಈಗಲೂ ಇಲ್ಲ. ವೇದಿಕೆ ಒಂದೇ, ಸಮಿತಿಯ ದುಡ್ಡೂ ಅಷ್ಟೇ. ಜೂನಿಯರ್‌ಗೆ ಕೊಟ್ಟ ಒಂದು ಗಂಟೆ ಅವನಿಗೆ ಸಿಗದ ಒಂದು ಗಂಟೆ. ಎಸ್‌ಪಿಬಿ, ಇಳಯರಾಜರ ಕಥೆ ಹೇಳಿದೆ. "ಅವರಿಗೆ ಆರ್ಕೆಸ್ಟ್ರಾ ಆದ್ಮೇಲೆ ಸಿನಿಮಾ ಇತ್ತು. ನಮಗೆ ಆರ್ಕೆಸ್ಟ್ರಾ ಆದ್ಮೇಲೆ ಏನಿದೆ?" ಅಂದ. ಒಂದು ತಂಡದವರು ಮಾತ್ರ, ಜನ ಚೆನ್ನಾಗಿ ಕಾವೇರಿರುವ ಹೊತ್ತು ನೋಡಿ, ಎರಡು ಹಳೆಯ ಹಾಡುಗಳ ನಡುವೆ ತಮ್ಮದೊಂದನ್ನು ಹೇಳದೆ ಕೇಳದೆ ತೂರಿಸುವುದನ್ನು ನೋಡಿದ್ದೇನೆ. ಯಾವ ಸಿನಿಮಾದ್ದು ಅಂತ ಪಕ್ಕದವರು ನನ್ನನ್ನು ಕೇಳಿದರು. ಇವನಿಗೂ ಹಾಗೇ ಮಾಡು ಅಂದೆ. ಕದ್ದು ಮಾಡಲ್ಲ ಅಂದ. ಅವನ ಮಾತಲ್ಲೂ ನ್ಯಾಯ ಇದೆ.

ದುಡ್ಡಿನ ನ್ಯಾಯ ಇನ್ನೊಂದು ಗೋಜಲು. ಹಾಡಿನ ಮೇಲೆ ಬರೆದವರಿಗೆ, ರಾಗ ಹಾಕಿದವರಿಗೆ ಹಕ್ಕಿದೆ. 1957ರ ಕಾಪಿರೈಟ್ ಕಾಯ್ದೆ ಹಾಗೆ ಹೇಳುತ್ತೆ. 2012ರ ತಿದ್ದುಪಡಿ ಅವರ ರಾಯಲ್ಟಿಯನ್ನು ಇನ್ನಷ್ಟು ಗಟ್ಟಿ ಮಾಡಿತು. ಅವರ ಪರವಾಗಿ ಲೈಸೆನ್ಸ್ ಕೊಟ್ಟು ಹಣ ವಸೂಲಿ ಮಾಡಲು 1969ರಿಂದ ಐಪಿಆರ್‌ಎಸ್ ಸಂಸ್ಥೆ ಇದೆ. ಮದುವೆ ಮತ್ತು ಧಾರ್ಮಿಕ ಸಮಾರಂಭಗಳಲ್ಲಿ ಹಾಡಿದರೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಇಲ್ಲ. 2017ರಲ್ಲಿ ಎಸ್‌ಪಿಬಿ ಅಮೆರಿಕದಲ್ಲಿ ಪ್ರವಾಸ ಮಾಡುತ್ತಿದ್ದಾಗ, ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ಹಾಡಬಾರದು ಅಂತ ಇಳಯರಾಜ ಕಡೆಯಿಂದ ಲಾಯರ್ ನೋಟಿಸ್ ಹೋಯಿತು. ಎಸ್‌ಪಿಬಿ ಆ ಹಾಡುಗಳನ್ನು ಬಿಟ್ಟು ಪ್ರವಾಸ ಮುಂದುವರಿಸಿದರು. ಅವು ಎಸ್‌ಪಿಬಿಯೇ ಮೊದಲು ಹಾಡಿದ ಹಾಡುಗಳು! ಕಾನೂನಿನ ಕಣ್ಣಿಗೆ ಆ ಹೊತ್ತಿನಲ್ಲಿ ಎಸ್‌ಪಿಬಿ ಕೂಡ ಒಬ್ಬ ಜೂನಿಯರ್. ರಾಗ ಹಾಕಿದವರಿಗೆ ಪಾಲು ಸಿಗಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಅದನ್ನು ಕೊಡಬೇಕಾದವರು ಕಾರ್ಯಕ್ರಮ ಇಟ್ಟವರು, ರಾತ್ರಿ ಹಾಡಿ ಬೆಳಿಗ್ಗೆ ಕ್ಯೂರಿಂಗ್ ವರ್ಕ್ಸ್‌ಗೆ ಓಡುವವರಲ್ಲ.

ನನ್ನ ತಕರಾರು ಉಳಿದಿರುವುದು ಪೋಸ್ಟರಿನ ಬಗ್ಗೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಎಸ್‌ಪಿಬಿ ಫೋಟೋ, ದಾನಿಗಳ ಫೋಟೋ, ಸಮಿತಿಯವರ ಫೋಟೋ ಇರುತ್ತೆ. ಹಾಡುವವರ ಹೆಸರಿಲ್ಲ, ನುಡಿಸುವವರ ಹೆಸರಂತೂ ಇಲ್ಲವೇ ಇಲ್ಲ. ಕಳೆದ ಹಬ್ಬಕ್ಕೆ ಒಂದು ಸಮಿತಿಯ ಅಧ್ಯಕ್ಷರಿಗೆ ಇದನ್ನೇ ಹೇಳಿದೆ.

"ಅವರ ಹೆಸರು ಹಾಕಿದ್ರೆ ಜನ ಬರ್ತಾರಾ ಸಾರ್?"

"ಬರೋದು ಬೇಡ. ಬಂದವರಿಗೆ ಗೊತ್ತಾಗ್ಲಿ. ಕೆಳಗೆ ಒಂದು ಸಾಲು ಸಾಕು."

"ಜಾಗ ಎಲ್ಲಿದೆ? ಈ ವರ್ಷ ದಾನಿಗಳೇ ಜಾಸ್ತಿ."

"ನಿಮ್ಮ ಫೋಟೋ ಸ್ವಲ್ಪ ಚಿಕ್ಕದು ಮಾಡಿ."

ಅವರು ನಕ್ಕರು. ಮುಂದಿನ ವರ್ಷ ನೋಡೋಣ ಅಂದರು. ಕೀಬೋರ್ಡಿನವರಿಗೆ ಈ ವಿಷಯ ಹೇಳಿದಾಗ ಅವರಿಗೆ ಅಷ್ಟೇನೂ ಖುಷಿಯಾಗಲಿಲ್ಲ. "ಹೆಸರು ಇರ್ಲಿ ಸಾರ್, ಸೌಂಡ್ ಚೆಕ್‌ಗೆ ಅರ್ಧ ಗಂಟೆ ಕೊಡ್ಸಿ ಸಾಕು. ಭಾಷಣ ಮುಗಿಯೋದೇ 9ಕ್ಕೆ" ಅಂದರು. ಹಾಗಾಗಿ ಈ ಸಲ ಅಧ್ಯಕ್ಷರ ಹತ್ತಿರ ಕೇಳುವುದು ಎರಡು: ಪೋಸ್ಟರಿನಲ್ಲಿ ಒಂದು ಸಾಲು, ಭಾಷಣದಲ್ಲಿ ಅರ್ಧ ಗಂಟೆ ಕಡಿಮೆ. ಎರಡನೆಯದಕ್ಕೆ ಊರಿನವರ ಬೆಂಬಲ ಪೂರ್ತಿ ಇದೆ.